ಜ್ಯೋತಕ್ಕ ತೆರೆಯದ ಟಪಾಲು

ಚಳ್ಳಕೆರೆಯಲ್ಲಿ ಇಂಟರ್ನೆಟ್ ಅಂದರೆ ಜ್ಯೋತಕ್ಕ ಎಂದೇ ಜನ ತಿಳಿದಿದ್ದ ಕಾಲವೊಂದಿತ್ತು. ಬಳ್ಳಾರಿ ರಸ್ತೆಯಲ್ಲಿ ಕೆಳಗೆ ಔಷಧಿ ಅಂಗಡಿ, ಅದರ ಮೇಲೆ ಅವಳದು. ಮೆಟ್ಟಿಲು ಬಲು ಕಡಿದು. ಹತ್ತಿ ಬಂದವರು ಮೊದಲು ಬಾಗಿಲು ಹಿಡಿದು ಉಸಿರು ತೆಗೆದುಕೊಂಡು, ಆಮೇಲೆ "ಜ್ಯೋತಕ್ಕಾ, ವಸಿ ನೋಡವ್ವಾ" ಅನ್ನುತ್ತಿದ್ದರು. ಏನನ್ನು ನೋಡಬೇಕು ಎನ್ನುವುದು ಅವರಿಗೂ ನೆಟ್ಟಗೆ ಗೊತ್ತಿರುತ್ತಿರಲಿಲ್ಲ. ಅದನ್ನು ಅವರ ಬಾಯಿಂದ ಬಿಡಿಸಿ ತೆಗೆಯುವುದೇ ಅವಳ ಅರ್ಧ ಕೆಲಸವಾಗಿತ್ತು.

ಒಬ್ಬನಿಗೆ ಬಳ್ಳಾರಿಯಿಂದ ಹೊರಡುವ ರೈಲಿನಲ್ಲಿ ತನ್ನ ಟಿಕೆಟ್ ಇನ್ನೂ ವೇಟಿಂಗಿನಲ್ಲಿದೆಯೋ ಖಾತ್ರಿಯಾಯಿತೋ ತಿಳಿಯಬೇಕು. ಇನ್ನೊಬ್ಬನಿಗೆ ದಾವಣಗೆರೆ ಮಾರುಕಟ್ಟೆಯ ಶೇಂಗಾ ರೇಟು ಬೇಕು. ಅದನ್ನು ನೋಡಿ ನಮ್ಮೂರಿನ ದಲಾಲಿಗಳನ್ನು ಬಾಯ್ತುಂಬ ಬಯ್ದರೇನೇ ಅವನಿಗೆ ಸಮಾಧಾನ. ಕಾಲೇಜಿನ ಹುಡುಗಿಯರು ಗೆಳತಿಯರಿಗೆ ಹಾಡಿಕೊಂಡು ಕುಣಿಯುವ ಹುಟ್ಟುಹಬ್ಬದ ಕಾರ್ಡು ಕಳಿಸಿ ಕಿಸಿಕಿಸಿ ನಗುತ್ತಿದ್ದರು. ಗಂಡಸರು ಕ್ರಿಕೆಟ್ ಸ್ಕೋರು ನೋಡಲು ಬಂದು, ಪುಟ ತೆರೆಯುವಷ್ಟರಲ್ಲಿ ಎರಡು ಓವರು ಮುಗಿದುಹೋಯಿತೆಂದು ಜ್ಯೋತಕ್ಕನ ಮೇಲೇ ಸಿಡುಕುತ್ತಿದ್ದರು. ಪರೀಕ್ಷೆಯ ಫಲಿತಾಂಶದ ದಿನವಂತೂ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿಲ್ಲ. ಮೊಳಕಾಲ್ಮೂರು ಕಡೆಯಿಂದ ಬಂದ ಮುದುಕಿಯೊಬ್ಬಳು ಮೊಮ್ಮಗಳ ನಂಬರನ್ನು ಸೆರಗಿನ ಗಂಟಿನಿಂದ ಬಿಚ್ಚಿ, "ರಿಜಲ್ಟ್ ವಚ್ಚಿಂದಾ ತಲ್ಲೀ?" ಎಂದು ತೆಲುಗಿನಲ್ಲಿ ಕೇಳುತ್ತಿದ್ದಳು. "ಇಂಕಾ ರಾಲೇದಮ್ಮಾ, ಕೂಚೋ" ಎಂದು, ಇನ್ನೂ ಬಂದಿಲ್ಲವೆಂದು, ಜ್ಯೋತಕ್ಕ ಅದೇ ತೆಲುಗಿನಲ್ಲಿ ಹೇಳಿ ಕೂರಿಸುತ್ತಿದ್ದಳು. ಪಾಸಾದವರು ಕೆಳಗೆ ಓಡುತ್ತಿದ್ದರು. ಫೇಲಾದವರು ಅವಳನ್ನೇ ನೋಡುತ್ತ ನಿಲ್ಲುತ್ತಿದ್ದರು, ಇವಳು ಇನ್ನೊಂದು ಸಲ ಒತ್ತಿದರೆ ಪಾಸಾದೀತು ಅನ್ನುವ ಹಾಗೆ. ಅವಳು ಇನ್ನೊಂದು ಸಲ ಒತ್ತುತ್ತಿದ್ದಳು ಕೂಡ. ಏನು ಮಾಡುವುದು, ಮನುಷ್ಯಳಲ್ಲವೇ.

ಈ ಕಂಪ್ಯೂಟರನ್ನು ಕಂಡುಹಿಡಿದ ಮಹಾನುಭಾವ ಚಳ್ಳಕೆರೆಯ ಕರೆಂಟನ್ನು ಕಂಡಿರಲಿಲ್ಲ ಎಂದು ಕಾಣುತ್ತದೆ. ಫೋನಿನ ತಂತಿಯಲ್ಲಿ ಇಂಟರ್ನೆಟ್ ಬರುತ್ತಿದ್ದ ದಿನಗಳವು. ಕಿರ್ರೋ ಎಂದು ಅರಚಿ, ಕೆಮ್ಮಿ, ಕೊನೆಗೆ ಸೇರಿಕೊಂಡಿತು ಅನ್ನುವಾಗ ಕರೆಂಟು ಹೋಗುತ್ತಿತ್ತು. ಯುಪಿಎಸ್ಸು ಕೀ ಕೀ ಎಂದು ಪ್ರಾಣ ತಿನ್ನುತ್ತಿತ್ತು. ಕಿಟಕಿ ತೆರೆದರೆ ಧೂಳು ಮತ್ತು ಎಣ್ಣೆ ಮಿಲ್ಲಿನ ಹಿಂಡಿಯ ವಾಸನೆ, ಮುಚ್ಚಿದರೆ ಸೆಕೆ. ಸಂಜೆಯ ಹೊತ್ತಿಗೆ ಜ್ಯೋತಕ್ಕನ ಸೊಂಟ ಅವಳದಾಗಿ ಉಳಿದಿರುತ್ತಿರಲಿಲ್ಲ. ಮನೆಗೆ ಹೋದರೆ ಅತ್ತಿಗೆ "ಕೂತ್ಕಂಡು ಮಾಡೋ ಕೆಲ್ಸ, ಏನು ಸುಸ್ತೋ" ಅನ್ನುತ್ತಿದ್ದಳು. ಇವಳು ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಅಂಗಡಿ ಹಾಕಿಕೊಟ್ಟವನು ಅವಳ ಅಣ್ಣ ಓಂಕಾರಮೂರ್ತಿ. ಅಪ್ಪ ಕೊಟ್ಟೂರಪ್ಪನವರು ತೀರಿಕೊಂಡ ಮೇಲೆ ಮಾರುಕಟ್ಟೆಯಲ್ಲಿದ್ದ ಶೇಂಗಾ ಮಂಡಿ ಅವನ ಕೈಗೆ ಬಂದಿತ್ತು. ತಂಗಿ ಚಿತ್ರದುರ್ಗದಲ್ಲಿ ಕಂಪ್ಯೂಟರ್ ಕಲಿತು ಬಂದಿದ್ದಾಳೆ, ಮನೆಯಲ್ಲಿ ಕೂತು ಬೇಸರ ಪಡುವುದೇಕೆ ಎಂದು, "ಮದ್ವಿ ಆಗೋತಂಕ ನೋಡ್ಕಂಡಿರು" ಎಂದು ಹೇಳಿ ಕೂರಿಸಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆ "ಆಗೋತಂಕ" ಎನ್ನುವುದು ಎಳೆದು ಎಳೆದು, ಅಂಗಡಿಗೆ ಬಂದಾಗ ಇಪ್ಪತ್ತೇಳರ ಹುಡುಗಿಯಾಗಿದ್ದವಳು ಮೂವತ್ತು ದಾಟಿದಳು. ಜ್ಯೋತಿ ಎನ್ನುತ್ತಿದ್ದವರು ಜ್ಯೋತಕ್ಕ ಎಂದರು. ಅವಳಿಗಿಂತ ದೊಡ್ಡವರೂ ಹಾಗೇ ಕರೆಯತೊಡಗಿದಾಗ ಅವಳಿಗೆ ಒಳಗೊಳಗೇ ಚುರುಕ್ಕೆನ್ನುತ್ತಿತ್ತು.

ಈ ಎಲ್ಲ ಕೆಲಸಗಳಿಗಿಂತ ಜ್ಯೋತಕ್ಕನ ಅಂಗಡಿಗೆ ಹೆಸರು ತಂದದ್ದು ಗಂಡು ಹೆಣ್ಣು ಹುಡುಕುವ ಸೈಟುಗಳು. ಬ್ರೋಕರಪ್ಪನಿಗೆ ಶಾಲು ಹೊದಿಸಿ, ಕಾಫಿ ಕುಡಿಸಿ, ಅವನು ಹೇಳಿದ ಸುಳ್ಳನ್ನೆಲ್ಲ ನಂಬಿ ಸಾಕಾದ ತಾಯಂದಿರು ಮಗಳ ಫೋಟೋ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಹುಡುಗಿಯ ಹೆಸರು, ಓದು, ಎತ್ತರ, ಒಳಪಂಗಡ ಎಲ್ಲವನ್ನೂ ಜ್ಯೋತಕ್ಕ ತುಂಬುತ್ತಿದ್ದಳು. ಬಂದ ಗಂಡುಗಳನ್ನು ಓದಿ ಹೇಳುತ್ತಿದ್ದಳು. ಅವರು "ಆಗ್ಲಿ" ಅಂದರೆ ಆಗಲಿ ಎಂದೂ, "ಬ್ಯಾಡ" ಅಂದರೆ ಬೇಡವೆಂದೂ ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ಬರೆಯುತ್ತಿದ್ದಳು.

ಅವರಲ್ಲಿ ಕಮಲಾಕ್ಷಮ್ಮ ಎಂಬ ಮಹಾತಾಯಿಯ ಗತ್ತೇ ಬೇರೆ. ಮಿಲ್ಲಿನ ಮನೆಯವರು, ಮಗಳು ಶಿಲ್ಪಾಗೆ ಗಂಡು ನೋಡುತ್ತಿದ್ದರು. ಬಂದ ಗಂಡುಗಳನ್ನೆಲ್ಲ ಜ್ಯೋತಕ್ಕನಿಂದ ಕಾಗದದ ಮೇಲೆ ಪ್ರಿಂಟು ಹಾಕಿಸಿ, ಸುರುಳಿ ಸುತ್ತಿ, ಮನೆದೇವರ ಗುಡಿಗೆ ಒಯ್ದು ದೇವರ ಮುಂದೆ ಇಟ್ಟು ಹೂ ಕೇಳುತ್ತಿದ್ದರು. ಬಲಗಡೆ ಹೂ ಬಿದ್ದರೆ ಗಂಡು ಪಾಸು, ಎಡಗಡೆ ಬಿದ್ದರೆ ಫೇಲು. ಎಂಜಿನಿಯರನೂ ಫೇಲಾದ, ಡಾಕ್ಟರನೂ ಫೇಲಾದ. "ದೇವ್ರು ಒಪ್ಪಲಿಲ್ಲ ಕಣೇ ಜ್ಯೋತಿ, ಅವ್ನಿಗೆ ಇಲ್ಲ ಅಂತ ಬರೀ" ಎನ್ನುತ್ತಿದ್ದರು. ದೇವರು ಒಪ್ಪಲಿಲ್ಲ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೆಂದು ಜ್ಯೋತಕ್ಕ ಮೊದಮೊದಲು ತಲೆ ಕೆರೆದುಕೊಂಡಿದ್ದಳು. ಆಮೇಲೆ ಜಾತಕ ಕೂಡಲಿಲ್ಲ ಎಂದು ಬರೆಯುವುದನ್ನು ರೂಢಿ ಮಾಡಿಕೊಂಡಳು.

ಕೆಲವರು ಉತ್ತರವನ್ನೇ ಕೊಡದೆ ಸುಮ್ಮನಾಗುತ್ತಿದ್ದರು. ಅಂಥವರ ಮೇಲೆ ಅವಳಿಗೆ ಎಲ್ಲಿಲ್ಲದ ಸಿಟ್ಟು. "ಬ್ಯಾಡ ಅನ್ನೋದಾದ್ರೆ ಬ್ಯಾಡ ಅಂತ ಹೇಳ್ರಿ. ಆ ಕಡೆ ಒಬ್ರು ಕಾಯ್ತಾ ಕೂತಿರ್ತಾರೆ, ಅವ್ರೂ ಮನುಷ್ರೇ" ಎಂದು ಗದರಿ, ಬಲವಂತವಾಗಿ ಬರೆಸುತ್ತಿದ್ದಳು. ಮದುವೆ ಗೊತ್ತಾದವರು ಲಾಡು ಕೊಟ್ಟು ಹೋಗುತ್ತಿದ್ದರು. ತಿಂದು ತಿಂದು ಅವಳಿಗೆ ಲಾಡಿನ ಮೇಲೇ ಬೇಸರ ಬಂದಿತ್ತು.

ಹಾಗಾದರೆ ಅವಳದು? ಓದುವವರಿಗೆ ಇಷ್ಟು ಹೊತ್ತಿಗೆ ಈ ಪ್ರಶ್ನೆ ಬಂದಿರಬೇಕು. ಊರಿಗೇ ಬಂದಿತ್ತು.

ಅವಳದೂ ಇತ್ತು. ಮೂರು ವರ್ಷದ ಹಿಂದೆ, ಒಂದು ಭಾನುವಾರ, ಅಣ್ಣನೇ ಅಂಗಡಿಗೆ ಬಂದು, ನೆಲ ನೋಡುತ್ತ, "ಎಲ್ಲಾರ್ದೂ ಹಾಕ್ತೀಯ, ನಿಂದೂ ಒಂದು ಹಾಕವ್ವಾ" ಎಂದಿದ್ದ. ಆದರೆ ಅವರ ಮನೆತನದಲ್ಲಿ ಹೆಣ್ಣುಮಗಳು ತನ್ನ ಮದುವೆಯ ಮಾತನ್ನು ತಾನೇ ಆಡುವ ಪದ್ಧತಿ ಇರಲಿಲ್ಲ. ಗಂಡು ಬಂದರೆ ಹಿರಿಯರು ಮಾತಾಡಬೇಕು, ಹುಡುಗಿ ಒಳಗಿನ ಕೋಣೆಯಲ್ಲಿ ಕೂತಿರಬೇಕು, ಹೇಳಿದಾಗ ಹೊರಗೆ ಬರಬೇಕು. ಅದನ್ನು ಮುರಿಯುವ ಮನಸ್ಸು ಅಣ್ಣನಿಗೂ ಇರಲಿಲ್ಲ, ತಂಗಿಗೂ ಇರಲಿಲ್ಲ. ಅದಕ್ಕೆಂದೇ ಅಣ್ಣನ ಹೆಸರಿನಲ್ಲಿ ಈಮೇಲು ತೆರೆದಳು. ಬರುವುದೆಲ್ಲ ಅಲ್ಲಿಗೇ ಬರುವಂತೆ ಮಾಡಿದಳು. ಫೋನ್ ನಂಬರು ಹಾಕಲು ಓಂಕಾರಮೂರ್ತಿ ಒಪ್ಪಲಿಲ್ಲ. "ಕಂಡೋರೆಲ್ಲ ಮನೀಗೆ ಫೋನ್ ಮಾಡೋದು ಬ್ಯಾಡ. ಮೊದ್ಲು ಬರೀಲಿ, ಆಮ್ಯಾಕೆ ನೋಡಾಣ" ಎಂದ. ಅದನ್ನು ತೆರೆಯುವ ಗುಟ್ಟಿನ ಪದವನ್ನು ಅವಳೇ ಒಂದು ಚೀಟಿಯಲ್ಲಿ ಬರೆದು ಅವನ ಜೇಬಿಗಿಟ್ಟಳು.

ಅಲ್ಲಿಗೆ ಮುಗಿಯಿತು. ಓಂಕಾರಮೂರ್ತಿಗೆ ಕಂಪ್ಯೂಟರ್ ಮುಟ್ಟಿದರೆ ಶಾಕ್ ಹೊಡೆಯುತ್ತದೇನೋ ಎಂಬ ಭಯ. ಆದರೆ ವ್ಯಾಪಾರಕ್ಕೆಂದು ದಾವಣಗೆರೆಗೆ ಹೋಗುತ್ತಾನೆ, ಅಲ್ಲಿ ಯಾರ ಕೈಲಾದರೂ ತೆಗೆಸಿ ನೋಡುತ್ತಾನೆ ಎಂದು ತಂಗಿ ಅಂದುಕೊಂಡಳು. ಅವನು ದಾವಣಗೆರೆಯಿಂದ ಬಂದ ದಿನ ಊಟ ಬಡಿಸುವಾಗ ಅವನ ಮುಖ ನೋಡುತ್ತಿದ್ದಳು. ಅವನು ಶೇಂಗಾ ಮಾತು ಆಡುತ್ತಿದ್ದ. ಏನೂ ಬಂದಿಲ್ಲ ಎಂದು ತಿಳಿದುಕೊಳ್ಳುತ್ತಿದ್ದಳು.

ಊರಿನವರ ಪೆಟ್ಟಿಗೆಗಳನ್ನೆಲ್ಲ ದಿನವಿಡೀ ತೆರೆದು ಮುಚ್ಚುವವಳಿಗೆ ತನ್ನದನ್ನು ತೆರೆಯುವುದು ಎಷ್ಟು ಹೊತ್ತಿನ ಕೆಲಸ? ಎಷ್ಟೋ ಮಧ್ಯಾಹ್ನ, ಗಿರಾಕಿಗಳಿಲ್ಲದಾಗ, ಅಣ್ಣನ ಹೆಸರನ್ನು ಬರೆದು ಅಳಿಸಿದ್ದಳು. ನೋಡಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಿಜ. ಆದರೆ ತನಗೆ ಗೊತ್ತಾಗುತ್ತಿತ್ತು. ಆಸೆಬುರುಕಿಯ ಹಾಗೆ ಕದ್ದು ನೋಡಿದೆ ಎಂದು ತನಗೇ ಅನ್ನಿಸುವುದು ಅವಳಿಗೆ ಬೇಡವಾಗಿತ್ತು. ಇನ್ನೂ ಒಂದು ಭಯವಿತ್ತು. ತೆರೆದಾಗ ಅದು ಖಾಲಿ ಇದ್ದರೆ? ಇಷ್ಟು ಮಂದಿಯ ಮದುವೆ ಮಾಡಿಸಿದ ಯಂತ್ರ ನಿನ್ನನ್ನು ಯಾರೂ ಕೇಳಲಿಲ್ಲ ಎಂದು ಮುಖಕ್ಕೆ ಹೇಳಿದರೆ, ಮರುದಿನ ಮತ್ತೆ ಅದರ ಮುಂದೆ ಹೇಗೆ ಕೂರುವುದು?

ಬರಬರುತ್ತ ಕೆಟ್ಟ ಯೋಚನೆಯೂ ಬಂತು. ಬಂದದ್ದನ್ನೆಲ್ಲ ಅಣ್ಣನೇ ಬೇಡವೆನ್ನುತ್ತಿದ್ದಾನೋ ಏನೋ. ಅಂಗಡಿ ನಡೆಯುತ್ತಿದೆ, ಮನೆಗೆ ಅನುಕೂಲವಾಗಿದೆ, ಇವಳು ಹೋದರೆ ನೋಡುವವರು ಯಾರು ಎಂದು ಅತ್ತಿಗೆ ತಲೆ ತುಂಬಿರಬಹುದು. ಹಾಗೆ ಅನ್ನಿಸಿದ ದಿನ ಅಣ್ಣ ತಂದ ಮಲ್ಲಿಗೆ ಹೂವನ್ನು ಮುಡಿಯದೆ ದೇವರ ಪಟಕ್ಕೆ ಹಾಕಿಬಿಡುತ್ತಿದ್ದಳು. ಅವನಿಗೆ ಕಾರಣ ತಿಳಿಯುತ್ತಿರಲಿಲ್ಲ.

ಎರಡು ಸಾವಿರದ ಆರನೇ ಇಸವಿಯ ಬೇಸಿಗೆಯಲ್ಲಿ ಶಿಲ್ಪಾಳ ಮದುವೆ ಗೊತ್ತಾಯಿತು. ದೇವರು ಕೊನೆಗೂ ಒಬ್ಬನಿಗೆ ಬಲಗಡೆ ಹೂ ಕೊಟ್ಟಿದ್ದ. ಕಮಲಾಕ್ಷಮ್ಮ ಲಗ್ನಪತ್ರಿಕೆ ಹಿಡಿದು ಮೆಟ್ಟಿಲು ಹತ್ತಿದರು. ಕುಂಕುಮ ಕೊಟ್ಟು, ಜ್ಯೋತಕ್ಕನ ಕೈ ಹಿಡಿದುಕೊಂಡು, ಒಮ್ಮೆಲೇ ಕೇಳಿದರು:

"ನಮ್ಮುಡುಗೀದು ನಿನ್ನ ಕೈಗುಣದಿಂದ ಆತು ಕಣೇ. ನಿಂದೇನಾತು? ಯಾವ್ದೂ ಬರ್ಲಿಲ್ವಾ?"

"ಅದನ್ನ ಅಣ್ಣ ನೋಡ್ಕಂತಾನೆ ಕಣ್ರಿ" ಎಂದಳು ಜ್ಯೋತಕ್ಕ, ಪತ್ರಿಕೆಯ ಮೇಲಿನ ಅರಿಶಿನವನ್ನು ಒರೆಸುತ್ತ.

"ಓಂಕಾರನಾ? ಅವ್ನಿಗೆ ಟೀವಿ ಆರ್ಸಕ್ಕೇ ಬರಲ್ಲ!"

ಕಮಲಾಕ್ಷಮ್ಮ ಎದ್ದು ಮೆಟ್ಟಿಲಿಳಿದರು. ಅವರು ಸೀದಾ ಮಾರುಕಟ್ಟೆಗೆ ಹೋಗುತ್ತಾರೆಂದು ಜ್ಯೋತಕ್ಕ ಊಹಿಸಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಓಂಕಾರಮೂರ್ತಿ ಬಂದ. ಅಂಗಿಯ ಮೇಲೆಲ್ಲ ಶೇಂಗಾ ಹೊಟ್ಟು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

"ಜ್ಯೋತೀ, ಕಮಲಾಕ್ಷಮ್ಮ ಮಂಡಿಗೆ ಬಂದು ನಾಕು ಜನದ ಮುಂದೆ ಉಗುದ್ರು. ನಿಂಗೆ ಯಾವ್ದೂ ಬಂದಿಲ್ಲ ತಾನೇ? ಬಂದಿದ್ರೆ ನೀನು ಹೇಳಿರ್ತಿದ್ದೆ."

ಅವಳು ಕೂತಲ್ಲೇ ತಿರುಗಿದಳು. "ನಾನೆಂಗೆ ಹೇಳ್ಲಿ? ನೋಡೋನು ನೀನು."

"ನಾನಾ? ನಾನ್ಯಾವಾಗ ನೋಡ್ದೆ? ದಿನಾ ಅದ್ರ ಮುಂದೆ ಕೂತಿರಾಳು ನೀನು. ಬಂದ್ರೆ ಹೇಳ್ತಾಳೆ ಅಂದ್ಕಂಡು ಸುಮ್ಕಿದ್ದೆ."

"ದಾವಣಗೆರೇಲಿ ನೋಡಿಸ್ತೀಯ ಅಂದ್ಕಂಡಿದ್ದೆ."

"ತಂಗಿ ಮದ್ವಿ ವಿಷ್ಯ ದಾವಣಗೆರೇಲಿ ಕಂಡೋರ ಕೈಲಿ ಓದ್ಸಿಕಣ್ಲಾ?"

ಕೆಳಗೆ ರಸ್ತೆಯಲ್ಲಿ ಮೊಳಕಾಲ್ಮೂರಿನ ಪ್ರೈವೇಟ್ ಬಸ್ಸಿನವನು ಜನರನ್ನು ಕೂಗಿ ಕರೆಯುತ್ತಿದ್ದ.

"ಒಂದು ಸಲಾನಾದ್ರೂ ಕೇಳ್ಬೇಕಿತ್ತಲ್ಲಣ್ಣಾ ನೀನು" ಎಂದಳು ಅವಳು. ಧ್ವನಿ ಏರಲಿಲ್ಲ. ಏರಿಸಲು ತ್ರಾಣವೂ ಇರಲಿಲ್ಲ.

"ಹೆಂಗೆ ಕೇಳ್ಲವ್ವಾ? ಏನೂ ಬಂದಿಲ್ಲ ಅಂದ್ರೆ ನಿನ್ನ ಬಾಯಿಂದ ಅದನ್ನ ಹೇಳಿಸ್ದಂಗೆ ಆಗ್ತಿತ್ತಲ್ಲ. ನೊಂದ್ಕಂತೀಯ ಅಂತ ಹೆದ್ರಿಕಂಡಿದ್ದೆ. ಆಮ್ಯಾಕಾಮ್ಯಾಕೆ, ನಿಂಗೇ ಮದ್ವಿ ಬ್ಯಾಡ ಆಗೈತೇನೋ ಅನ್ಕಂಡೆ."

ಮೂರು ವರ್ಷ ಇವನನ್ನು ಸ್ವಾರ್ಥಿ ಎಂದು ಒಳಗೊಳಗೇ ಬಯ್ದುಕೊಂಡದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಅದರ ಬೆನ್ನಿಗೇ ಸಿಟ್ಟು ಬಂತು. ಇಂಥ ಒಳ್ಳೆಯತನಕ್ಕಿಂತ ಇವನು ಸ್ವಾರ್ಥಿಯೇ ಆಗಿದ್ದರೆ ಜಗಳವಾಡಬಹುದಿತ್ತು. ಈಗ ಯಾರ ಜೊತೆ ಜಗಳವಾಡುವುದು?

"ತೆಗಿ" ಎಂದ ಅಣ್ಣ. "ನಾನಿದ್ದೀನಲ್ಲ, ತೆಗಿ."

ತೆಗೆದಳು. ಖಾಲಿ ಇರಲಿಲ್ಲ.

ಪುಟ ನಿಧಾನವಾಗಿ ಮೇಲಿಂದ ಕೆಳಗೆ ಇಳಿಯಿತು, ಹೆಸರಿನ ಮೇಲೆ ಹೆಸರು. ಹೊಸದುರ್ಗದವರೊಬ್ಬರು, ಹೊಸಪೇಟೆಯವರೊಬ್ಬರು, ಬ್ಯಾಂಕಿನವರು, ಕಾಲೇಜಿನ ಲೆಕ್ಚರರು. ಕೆಲವರ ಪರವಾಗಿ ತಾಯಿ ಬರೆದಿದ್ದರು, ಕೆಲವರ ಪರವಾಗಿ ಅಣ್ಣಂದಿರು ಬರೆದಿದ್ದರು. ಹೆಚ್ಚಿನವು ಮೊದಲ ವರ್ಷದವು. ಆಮೇಲೆ ಕಡಿಮೆಯಾಗುತ್ತ ಬಂದು ಈಚಿನ ಒಂದು ವರ್ಷದಲ್ಲಿ ನಿಂತೇಹೋಗಿದ್ದವು. ಉತ್ತರವೇ ಕೊಡದ ಮನೆಗೆ ಯಾರು ಎಷ್ಟು ಸಲ ಬರೆದಾರು?

ಅವಳು ಒಂದೊಂದನ್ನೇ ಗಿರಾಕಿಗಳಿಗೆ ಓದಿ ಹೇಳುವ ಧ್ವನಿಯಲ್ಲೇ ಅಣ್ಣನಿಗೆ ಓದಿ ಹೇಳಿದಳು. ಹುಡುಗ ಇಂಥವನು, ಓದು ಇಷ್ಟು, ಮನೆಯಲ್ಲಿ ಇಷ್ಟು ಜನ. ಓಂಕಾರಮೂರ್ತಿ ಪ್ರತಿಯೊಂದಕ್ಕೂ "ಇದಾಗ್ತಿತ್ತು… ಇದೂ ಆಗ್ತಿತ್ತು" ಎನ್ನುತ್ತ ಟವೆಲು ಹಿಂಡುತ್ತಿದ್ದ.

ಒಬ್ಬನ ಹೆಸರು ಮಾತ್ರ ನಾಲ್ಕು ಕಡೆ ಇತ್ತು. ಚಂದ್ರಶೇಖರ್, ಕೊಂಡ್ಲಹಳ್ಳಿ. ಊರಿನಲ್ಲಿ ಹೊಲ, ಮೊಳಕಾಲ್ಮೂರಿನಲ್ಲಿ ಬೀಜ ಗೊಬ್ಬರದ ಅಂಗಡಿ. ಬೇರೆಯವರ ಹಾಗೆ ಸೈಟಿನವರು ಕೊಟ್ಟ ಸಿದ್ಧ ಇಂಗ್ಲಿಷ್ ವಾಕ್ಯವನ್ನು ಕಳಿಸದೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವನ್ನೇ ಬರೆದಿದ್ದ. ಓದಲು ತ್ರಾಸ. ಆದರೂ ಅವಳು ತಡವರಿಸದೆ ಓದಿದಳು.

"ಬೆಟ್ಟ ಹತ್ತುವುದು ಇಷ್ಟ ಅಂತ ಹಾಕಿದ್ದೀರಿ. ಹುಡುಗಿಯರ ಪ್ರೊಫೈಲಿನಲ್ಲಿ ಅಡಿಗೆ, ರಂಗೋಲಿ ಬಿಟ್ಟರೆ ಬೇರೇನೂ ನೋಡಿರಲಿಲ್ಲ. ನಮ್ಮ ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿ ಹತ್ತಿದ್ದೀರಾ? ತುದಿಯ ತನಕ ಹತ್ತಿದಿರೋ, ಎಲ್ಲರ ಹಾಗೆ ಕೆಳಗಿನ ಶಾಸನ ನೋಡಿಕೊಂಡು ವಾಪಸು ಬಂದಿರೋ?"

ಅಡಿಗೆ, ರಂಗೋಲಿ ಎಂದು ಊರಿನ ಹುಡುಗಿಯರಿಗೆಲ್ಲ ಹಾಕಿದವಳು ಜ್ಯೋತಕ್ಕನೇ. ಹವ್ಯಾಸದ ಆ ಜಾಗವನ್ನು ಯಾರೂ ಓದುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಯಾರೂ ಓದುವುದಿಲ್ಲ ಎಂದೇ ತನ್ನದರಲ್ಲಿ ಮಾತ್ರ ನಿಜ ಬರೆದಿದ್ದಳು.

ಎರಡನೆಯದರಲ್ಲಿ, ಉತ್ತರ ಬರಲಿಲ್ಲ, ಮನೆಯವರು ವಿಚಾರಿಸುತ್ತಿರಬಹುದು ಎಂದಿದ್ದ. ಮೂರನೆಯದರಲ್ಲಿ, ಚಳ್ಳಕೆರೆಗೆ ಗೊಬ್ಬರದ ಲೋಡಿಗೆ ಬರುತ್ತಿರುತ್ತೇನೆ, ಹಿರಿಯರು ಒಪ್ಪಿದರೆ ಬಂದು ಮಾತಾಡುತ್ತೇನೆ ಎಂದಿದ್ದ. ನಾಲ್ಕನೆಯದು ಚಿಕ್ಕದು. ಎರಡು ವರ್ಷದ ಹಿಂದಿನ ತಾರೀಖು.

"ಮನೆಯಲ್ಲಿ ಬೇರೆ ಕಡೆ ನೋಡುತ್ತಿದ್ದಾರೆ. ಇಲ್ಲ ಅಂತ ಒಂದು ಮಾತು ಬರೆದಿದ್ದರೂ ಸಾಕಿತ್ತು. ಇರಲಿ, ನಿಮಗೆ ಒಳ್ಳೆಯದಾಗಲಿ."

ಇದನ್ನು ಓದುವಾಗ ಗಿರಾಕಿಗಳಿಗೆ ಓದಿ ಹೇಳುವ ಆ ಧ್ವನಿ ನಡುವೆಯೇ ನಿಂತುಹೋಯಿತು. ಉತ್ತರ ಕೊಡದವರನ್ನು ಇಡೀ ಊರಿಗೆ ಕೇಳುವಂತೆ ಗದರಿದವಳು ತಾನು. ತನ್ನ ಮನೆಯಿಂದಲೇ ಹೀಗಾಗಿದೆ. ಯಾವನೋ ಒಬ್ಬ, ಮುಖ ಕಾಣದವನು, ತನ್ನನ್ನು ಕೇಳಿದ್ದ. ನಾಲ್ಕು ಸಲ ಕೇಳಿದ್ದ. ಆ ವರ್ಷವೆಲ್ಲ ಅವಳು ತನ್ನನ್ನು ಕೇಳುವವರಿಲ್ಲ ಎಂದುಕೊಂಡು ಈ ಕುರ್ಚಿಯಲ್ಲೇ ಕೂತಿದ್ದಳು. ಅವಳಿಗೆ ಅಳು ಬಂತು. ಆದರೆ ಪಕ್ಕದಲ್ಲಿ ಅಣ್ಣ ಆಗಲೇ ಅಳುತ್ತಿದ್ದ, ದೊಡ್ಡ ಗಂಡಸು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು. ಇಬ್ಬರೂ ಅತ್ತರೆ ಸಮಾಧಾನ ಮಾಡುವವರು ಯಾರು? ಎಂದಿನಂತೆ ಅದೂ ಅವಳ ಪಾಲಿಗೇ ಬಂತು.

"ಅಳಬ್ಯಾಡಣ್ಣ. ಜನ ಬಂದ್ರೆ ಏನಂದ್ಕಂತಾರೆ."

"ಅವ್ನಿಗೆ ಈಗ್ಲೇ ಬರೀ" ಎಂದ ಅವನು ಮೂಗು ಒರೆಸಿಕೊಂಡು. "ಮದ್ವಿ ಆಗಿದ್ರೆ ಬಿಡು, ತೆಪ್ಪಾತು ಅಂತಾದ್ರೂ ಹೇಳ್ಬೇಕು. ಆಗಿಲ್ದಿದ್ರೆ ನಾನೇ ಕೊಂಡ್ಲಹಳ್ಳಿಗೆ ಹೋಗಿ ಅವ್ರ ಕಾಲು ಹಿಡೀತೀನಿ. ನನ್ನ ಹೆಸ್ರಲ್ಲಿ ಬರೀ."

"ನನ್ನ ಹೆಸ್ರಲ್ಲೇ ಬರೀತೀನಿ" ಎಂದಳು ಅವಳು.

ಅಣ್ಣ ಬೇಡವೆನ್ನಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಅವಳು ಬರೆದಳು. ಊರಿನವರಿಗೆಲ್ಲ ನೂರು ಬಗೆಯಲ್ಲಿ ಬರೆದುಕೊಟ್ಟ ಕೈಗೆ ಇವತ್ತು ಮಾತು ಸಿಗಲಿಲ್ಲ. ಅಳಿಸಿ ಅಳಿಸಿ ಕೊನೆಗೆ ಉಳಿದದ್ದು ಇಷ್ಟೇ: ನಿಮ್ಮ ಮಾತು ಇವತ್ತು ಓದಿದೆ. ತಡವಾಯಿತು, ಕ್ಷಮಿಸಿ. ತುದಿಯ ತನಕ ಹತ್ತಿದ್ದೆ.

ಕೆಳಗೆ ಜ್ಯೋತಿಲಕ್ಷ್ಮಿ ಎಂದು ಪೂರ್ತಿ ಹೆಸರು ಬರೆದು ಒತ್ತಿದಳು.

ಯಂತ್ರ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಕೆಂಪಕ್ಷರದಲ್ಲಿ ಇಂಗ್ಲಿಷಿನ ಒಂದು ಸಾಲು ಬಂತು. ಈ ಸದಸ್ಯರಿಗೆ ಮದುವೆ ನಿಶ್ಚಯವಾಗಿ ಅವರು ತಮ್ಮ ವಿವರಗಳನ್ನು ತೆಗೆದುಹಾಕಿದ್ದಾರೆ, ನಿಮ್ಮ ಸಂದೇಶವನ್ನು ತಲುಪಿಸಲಾಗುವುದಿಲ್ಲ.

"ಹೋತಾ?" ಎಂದ ಓಂಕಾರಮೂರ್ತಿ, ಕಿಟಕಿಯ ಹತ್ತಿರದಿಂದಲೇ.

ಅವನಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಅವನ ಕಣ್ಣು ಇನ್ನೂ ಕೆಂಪಗಿತ್ತು. ಹೊಟ್ಟು ಮೆತ್ತಿದ ಅಂಗಿಯಲ್ಲಿ ಅವನು ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ನಿಂತಿದ್ದ. ಅವಳು ತೆರೆಯನ್ನೊಮ್ಮೆ ನೋಡಿದಳು, ಅವನನ್ನೊಮ್ಮೆ ನೋಡಿದಳು.

"ಹೂಂ, ಮುಟ್ತು" ಎಂದಳು. "ನೀನಿನ್ನು ಊಟಕ್ಕೆ ಹೋಗು."

ಅವನ ಮುಖ ಎಷ್ಟು ಹಗುರಾಯಿತೆಂದರೆ, ಹೇಳಿದ ಸುಳ್ಳನ್ನು ವಾಪಸು ತೆಗೆದುಕೊಳ್ಳಲು ಅವಳಿಂದ ಆಗಲಿಲ್ಲ. ಮೆಟ್ಟಿಲು ಇಳಿಯುವಾಗ ನಿಂತು ಹೇಳಿದ: "ಇನ್ಮ್ಯಾಲೆ ನಾನು ಸುಮ್ಕಿರಲ್ಲ ಕಣವ್ವ. ದಿನಾ ಬಂದು ಕೇಳ್ತೀನಿ."

ಕೊಟ್ಟ ಮಾತಿಗೆ ಅವನು ತಪ್ಪಲಿಲ್ಲ. ಮರುದಿನದಿಂದ ಮಂಡಿಗೆ ಬೀಗ ಹಾಕಿದವನು ಮನೆಗೆ ಹೋಗುವ ಮೊದಲು ಆ ಕಡಿದಾದ ಮೆಟ್ಟಿಲು ಹತ್ತಿ ಬರತೊಡಗಿದ. ಬಾಗಿಲು ಹಿಡಿದು ಉಸಿರು ತೆಗೆದುಕೊಂಡು, ಗಿರಾಕಿಗಳು ಯಾರೇ ಇರಲಿ, "ಅವ್ರದ್ದೇನಾರ ಬಂತೇನವ್ವಾ?" ಎಂದು ಕೇಳುತ್ತಿದ್ದ. ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಜ್ಯೋತಕ್ಕ ದಿನವೂ "ಇಲ್ಲಣ್ಣ, ಇನ್ನೂ ಬಂದಿಲ್ಲ" ಅನ್ನುತ್ತಿದ್ದಳು.